ಗಾಸ್ಪೆಲ್ ಗಾಯಕರು ತಯಾರಾಗುವುದು ಎಲ್ಲಿ, ಹೇಗೆ? ಅಮೆರಿಕದ ಬ್ಲ್ಯಾಕ್ ಚರ್ಚ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅರೀಥಾ ಫ್ರಾಂಕ್ಲಿನ್, ಸ್ಯಾಮ್ ಕುಕ್, ವಿಟ್ನಿ ಹ್ಯೂಸ್ಟನ್, ಬಿಲ್ಲಿ ಪ್ರೆಸ್ಟನ್. ಎಲ್ಲರೂ ಅಮೆರಿಕದ ಹೆಸರಾಂತ ಕಪ್ಪು ಸಂಗೀತಗಾರರು. ಯಾರ ಪರಿಚಯ ಓದಿದರೂ ಒಂದು ಸಾಲು ಇದ್ದೇ ಇರುತ್ತದೆ: ಚಿಕ್ಕಂದಿನಲ್ಲಿ ಚರ್ಚ್‌ನಲ್ಲಿ ಸಂಗೀತ ಕಲಿತರು. ಓದಿದವರು ಹೌದೌದು ಎಂದು ಮುಂದಕ್ಕೆ ಹೋಗುತ್ತಾರೆ. ಆ ಚರ್ಚ್‌ನಲ್ಲಿ ಏನು ನಡೆಯುತ್ತಿತ್ತು, ಯಾರು ಹೇಳಿಕೊಡುತ್ತಿದ್ದರು, ಅಲ್ಲಿಂದಲೇ ಇಷ್ಟು ಜನ ಹೇಗೆ ಬಂದರು ಎಂದು ಕೇಳುವವರಿಗಾಗಿ ಈ ಪುಟ. ಗಾಸ್ಪೆಲ್ ಅಂದರೆ ಆ ಚರ್ಚ್‌ಗಳಲ್ಲಿ ಹಾಡುವ ಒಂದು ಬಗೆಯ ದೇವರ ಹಾಡು.

ಬ್ಲ್ಯಾಕ್ ಚರ್ಚ್ ಅಂದರೆ ಒಂದು ಪಂಗಡವಾ?

ಅಲ್ಲ. ಅಮೆರಿಕದ ಕಪ್ಪು ಜನರು ತಾವೇ ಕಟ್ಟಿ, ತಾವೇ ನಡೆಸಿಕೊಂಡು ಬಂದ ಚರ್ಚ್‌ಗಳಿಗೆಲ್ಲ ಸೇರಿಸಿ ಹೀಗೆ ಹೇಳುತ್ತಾರೆ. ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪೆಂಟೆಕೋಸ್ಟಲ್ ಎಲ್ಲವೂ ಇದರಲ್ಲಿವೆ. 18ನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಒಂದು ಚರ್ಚ್‌ನಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದ ಕಪ್ಪು ಜನರನ್ನು ಮಧ್ಯದಲ್ಲೇ ಎಬ್ಬಿಸಿ ಬೇರೆ ಕಡೆ ಕೂರಿಸಲು ಹೋದರು. ಅವರು ಎದ್ದು ಹೊರಗೇ ನಡೆದರು. ಆ ಗುಂಪಿನ ರಿಚರ್ಡ್ ಅಲೆನ್ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಎಂಬ ಸ್ವತಂತ್ರ ಪಂಗಡವನ್ನೇ ಕಟ್ಟಿದರು. ಪಂಗಡಕ್ಕೂ ಮೊದಲು, 1801ರಲ್ಲೇ, ಅವರು ತಮ್ಮವರಿಗಾಗಿ ಒಂದು ಹಾಡಿನ ಪುಸ್ತಕ ತಂದಿದ್ದರು. ಸಂಘಟನೆಗಿಂತ ಮೊದಲು ಹಾಡು ಬಂತು ನೋಡಿ.

ಎಷ್ಟೋ ಊರುಗಳಲ್ಲಿ ಈ ಜನರಿಗೆ ತಮ್ಮದು ಎಂದು ಹೇಳಿಕೊಳ್ಳಲು ಇದ್ದ ದೊಡ್ಡ ಕಟ್ಟಡ ಚರ್ಚ್ ಒಂದೇ. ಸಭೆ ಸೇರಬೇಕೆಂದರೂ ಅಲ್ಲೇ, ಊಟ ಹಾಕಬೇಕೆಂದರೂ ಅಲ್ಲೇ. ಪಿಯಾನೊ ಇದ್ದದ್ದೂ ಅಲ್ಲೇ.

ಚರ್ಚ್‌ನಲ್ಲಿ ಹಾಡುವುದೆಲ್ಲಾ ಗಾಸ್ಪೆಲ್ಲೇ ಅಲ್ವಾ?

ಇಲ್ಲಿ ಹೇಳುತ್ತಿರುವ ಗಾಸ್ಪೆಲ್ ಅಷ್ಟು ಹಳೆಯದಲ್ಲ. 1930ರ ಆಸುಪಾಸಿನಲ್ಲಿ ಷಿಕಾಗೊದಲ್ಲಿ ಅದಕ್ಕೊಂದು ರೂಪ ಬಂತು. ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಲಕ್ಷಾಂತರ ಕಪ್ಪು ಜನರು ಉತ್ತರದ ನಗರಗಳಿಗೆ ಬಂದ ಕಾಲ ಅದು. ಅಲ್ಲಿನ ದೊಡ್ಡ ಚರ್ಚ್‌ಗಳಲ್ಲಿ ಯುರೋಪಿನ ಶೈಲಿಯ ಶಿಸ್ತಿನ ಹಾಡುಗಾರಿಕೆ ನಡೆಯುತ್ತಿತ್ತು. ಹಳ್ಳಿಯಿಂದ ಬಂದವರಿಗೆ ಅದು ಒಗ್ಗಲಿಲ್ಲ.

ಆಗ ಬಂದವರು ಥಾಮಸ್ ಎ. ಡಾರ್ಸಿ. ಪಾದ್ರಿಯ ಮಗ, ಆದರೆ ಜಾರ್ಜಿಯಾ ಟಾಮ್ ಎಂಬ ಹೆಸರಿನಲ್ಲಿ ಬ್ಲೂಸ್ (ಕಪ್ಪು ಜನರ ಲೌಕಿಕ ಹಾಡುಗಳು) ಪಿಯಾನೊ ನುಡಿಸಿ ಹೆಸರು ಮಾಡಿದ್ದ ಮನುಷ್ಯ. ಆ ಲಯವನ್ನೇ ದೇವರ ಹಾಡಿಗೆ ಕೂಡಿಸಿದರು. 1931ರಲ್ಲಿ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಥಿಯೋಡರ್ ಫ್ರೈ ಜೊತೆ ಸೇರಿ ಗಾಸ್ಪೆಲ್ ಕಾಯರ್ (ಹಾಡುವ ತಂಡ) ಕಟ್ಟಿದರು. ಮರುವರ್ಷ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್‌ಗೆ ಹೋದರು. ಅದೇ 1932ರ ಆಗಸ್ಟ್‌ನಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಕೂಸೂ ಉಳಿಯಲಿಲ್ಲ. ಅವರ ಅತ್ಯಂತ ಪ್ರಸಿದ್ಧ ಹಾಡು ಆ ದುಃಖದಲ್ಲೇ ಹುಟ್ಟಿದ್ದು. 'ಇದು ಬ್ಲೂಸ್, ಇದನ್ನು ಚರ್ಚ್ ಒಳಗೆ ತರಬೇಡಿ' ಎಂದು ಎಷ್ಟೋ ಪಾದ್ರಿಗಳು ಅವರನ್ನು ಹತ್ತಿರ ಸೇರಿಸಲಿಲ್ಲ. ಡಾರ್ಸಿ ಬಿಡಲಿಲ್ಲ. ಊರೂರಿನ ಕಾಯರ್‌ಗಳನ್ನು ಒಂದುಗೂಡಿಸಿ ಒಂದು ರಾಷ್ಟ್ರೀಯ ಸಮಾವೇಶವನ್ನೇ ಕಟ್ಟಿದರು.

ಮಕ್ಕಳು ಯಾವ ವಯಸ್ಸಿಗೆ ಶುರು ಮಾಡುತ್ತಾರೆ?

ಮಾತು ನೆಟ್ಟಗೆ ಬರುವ ಹೊತ್ತಿಗೆ. ತುಂಬಾ ಚರ್ಚ್‌ಗಳಲ್ಲಿ ಪುಟಾಣಿಗಳಿಗೆ ಒಂದು ತಂಡ, ಹದಿಹರೆಯದವರಿಗೆ ಒಂದು, ಗಂಡಸರಿಗೆ ಒಂದು, ಎಲ್ಲರೂ ಸೇರಿದ್ದು ಇನ್ನೊಂದು ಇರುತ್ತದೆ. ತಿಂಗಳ ಒಂದೊಂದು ಭಾನುವಾರ ಒಂದೊಂದು ತಂಡಕ್ಕೆ. ಮಕ್ಕಳ ಸರದಿ ಬಂದ ಭಾನುವಾರವನ್ನು ಯೂತ್ ಸಂಡೇ ಎನ್ನುತ್ತಾರೆ. ಆವತ್ತು ಹಾಡುವುದಷ್ಟೇ ಅಲ್ಲ, ಬೈಬಲ್ ಓದುವುದು, ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವುದು, ಪ್ರಾರ್ಥನೆ ಹೇಳುವುದು ಎಲ್ಲಾ ಮಕ್ಕಳದೇ.

ವರ್ಷಕ್ಕೊಂದು ಸ್ಕೂಲ್ ಡೇ ಕಾರ್ಯಕ್ರಮ ಮಾಡಿ ಮುಗಿಸಿದ ಹಾಗಲ್ಲ ಇದು. ಮುಂದಿನ ತಿಂಗಳು ಮತ್ತೆ ಸರದಿ ಬರುತ್ತದೆ. ಹೋದ ತಿಂಗಳು ಗಂಟಲು ಕೈಕೊಟ್ಟಿದ್ದರೆ ಈ ತಿಂಗಳು ಸರಿ ಮಾಡಿಕೊಳ್ಳಬಹುದು. ಕಾಲೇಜು ಸೇರುವ ಹೊತ್ತಿಗೆ ಆ ಮಗು ಎಷ್ಟು ಸಲ ಜನರೆದುರು ನಿಂತಿರುತ್ತದೆ, ನೀವೇ ಲೆಕ್ಕ ಹಾಕಿ.

ಯಾರು ಕಲಿಸುತ್ತಾರೆ? ಸಿಲಬಸ್ ಇದೆಯಾ?

ಸಿಲಬಸ್ ಇಲ್ಲ, ಪರೀಕ್ಷೆಯೂ ಇಲ್ಲ. ಭಜನಾ ಮಂಡಳಿಯಲ್ಲಿ ಮೂಲೆಯಲ್ಲಿ ತಾಳ ಹಿಡಿದು ಕೂತ ಹುಡುಗ ನಾಲ್ಕು ವರ್ಷದಲ್ಲಿ ಹಾರ್ಮೋನಿಯಂಗೆ ಬರುತ್ತಾನಲ್ಲ, ಕಲಿಕೆ ಹೆಚ್ಚುಕಡಿಮೆ ಅದೇ ದಾರಿ. ಸಂಗೀತದ ಹೊಣೆ ಹೊತ್ತವರನ್ನು ಮಿನಿಸ್ಟರ್ ಆಫ್ ಮ್ಯೂಸಿಕ್ ಎಂದು ಕರೆಯುತ್ತಾರೆ. ಅವರಿಗೆ ಮ್ಯೂಸಿಕ್ ಡಿಗ್ರಿ ಇರಬಹುದು, ವಾರವಿಡೀ ಬಸ್ ಓಡಿಸುವವರೂ ಆಗಿರಬಹುದು.

ಅಭ್ಯಾಸ ಹೀಗೆ ನಡೆಯುತ್ತದೆ. ಮಕ್ಕಳನ್ನು ಮೂರು ಗುಂಪಾಗಿ ನಿಲ್ಲಿಸುತ್ತಾರೆ: ಸೊಪ್ರಾನೊ (ಮೇಲಿನ ದನಿ), ಆಲ್ಟೊ (ನಡುವಿನದು), ಟೆನರ್ (ಕೆಳಗಿನದು). ಕೈಯಲ್ಲಿ ನೊಟೇಶನ್ ಹಾಳೆ ಇರುವುದು ಅಪರೂಪ. ನಿರ್ದೇಶಕಿ ಆಲ್ಟೊ ಸಾಲನ್ನು ಒಮ್ಮೆ ಹಾಡುತ್ತಾರೆ, ಆಲ್ಟೊದವರು ಹಾಗೇ ಒಪ್ಪಿಸುತ್ತಾರೆ. ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು, ಮಕ್ಕಳಿಗೆ ಕಷ್ಟದ ಕೆಲಸ ಅದೇ. ಆಮೇಲೆ ಟೆನರ್, ಆಮೇಲೆ ಸೊಪ್ರಾನೊ. ಮೂರೂ ಕೂಡಿಸಿದಾಗ ಯಾರೋ ಒಬ್ಬ ಪಕ್ಕದವರ ಸಾಲಿಗೆ ಜಾರುತ್ತಾನೆ. ನಿಲ್ಲಿಸಿ, ಮತ್ತೆ ಮೊದಲಿಂದ. ಹೀಗೆ ಕಿವಿಯಿಂದಲೇ ಕಲಿತದ್ದು ಗಟ್ಟಿಯಾಗಿ ಕೂರುತ್ತದೆ. ಹಾಳೆ ನೋಡುವ ಕೆಲಸ ಇಲ್ಲದ್ದರಿಂದ ಕಣ್ಣು ನಿರ್ದೇಶಕಿಯ ಮೇಲೇ ಇರುತ್ತದೆ.

ಈ ಮೂರು ಸಾಲಿನ ಪಾಠವನ್ನು ಗಾಸ್ಪೆಲ್ ಕಾಯರ್‌ಗಳಲ್ಲಿ ನೆಲೆಗೊಳಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಡೆಟ್ರಾಯಿಟ್‌ನ ಮ್ಯಾಟಿ ಮಾಸ್ ಕ್ಲಾರ್ಕ್ ಅವರಿಗೆ ಕೊಡುತ್ತಾರೆ. ಶಿಸ್ತಿನ ವಿಷಯದಲ್ಲಿ ಬಹಳ ಖಡಕ್ ಹೆಂಗಸು. ಅವರ ಹೆಣ್ಣುಮಕ್ಕಳೇ ಕ್ಲಾರ್ಕ್ ಸಿಸ್ಟರ್ಸ್ ಎಂಬ ಗಾಸ್ಪೆಲ್ ತಂಡ.

ಹಾಡುವಾಗ ನಿರ್ದೇಶಕರು ಕೈ ತಿರುಗಿಸುವುದು, ಮುಷ್ಟಿ ಹಿಡಿಯುವುದು ಯಾಕೆ?

ಗಾಸ್ಪೆಲ್ ಹಾಡು ಇಷ್ಟೇ ಉದ್ದ ಎಂದು ಮೊದಲೇ ಗೊತ್ತಿರುವುದಿಲ್ಲ. ಕೊನೆಯಲ್ಲಿ ಒಂದು ಸಣ್ಣ ಸಾಲನ್ನು ಹಿಡಿದುಕೊಂಡು ತಿರುಗಾ ಮುರುಗಾ ಹಾಡುತ್ತಾರೆ. ಅದಕ್ಕೆ ವ್ಯಾಂಪ್ ಎನ್ನುತ್ತಾರೆ. ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರೆ ವ್ಯಾಂಪ್ ಎಳೆಯುತ್ತದೆ, ತಣ್ಣಗಿದ್ದರೆ ಬೇಗ ಮುಗಿಯುತ್ತದೆ. ಮತ್ತೆ ಹೇಳಿ, ಶ್ರುತಿ ಏರಿಸಿ, ಟೆನರ್ ಮಾತ್ರ ಹಾಡಿ, ನಿಲ್ಲಿಸಿ, ಎಲ್ಲಕ್ಕೂ ಸನ್ನೆ ಇದೆ. ಒಂದೊಂದು ಚರ್ಚ್‌ನಲ್ಲಿ ಸ್ವಲ್ಪ ಬೇರೆ ಬೇರೆ. ಮುಷ್ಟಿ ಬಿಗಿದರೆ ಐವತ್ತು ಮಕ್ಕಳು ಒಂದೇ ಕ್ಷಣಕ್ಕೆ ನಿಲ್ಲಬೇಕು. ಜನರ ಮುಖ ನೋಡಿ ಹಾಡನ್ನು ಬೆಳೆಸುವುದು ಕಾಲೇಜಿನ ಸಂಗೀತ ತರಗತಿಯಲ್ಲಿ ಸುಲಭಕ್ಕೆ ಸಿಗುವ ವಿದ್ಯೆ ಅಲ್ಲ.

ಮಗು ಎಲ್ಲರೆದುರು ತಪ್ಪು ಹಾಡಿದರೆ?

ಸಭೆಯೇ ಎತ್ತಿಕೊಳ್ಳುತ್ತದೆ. ಧ್ವನಿ ನಡುಗಿದರೆ ಮುಂದಿನ ಸಾಲಿನ ಅಜ್ಜಿಯೊಬ್ಬರು 'ಪರವಾಗಿಲ್ಲ ಮಗಾ, ನಿಧಾನಕ್ಕೆ ಹಾಡು' ಎಂದು ಕೂಗುತ್ತಾರೆ. ಒಬ್ಬರು 'ಆಮೆನ್' ಎನ್ನುತ್ತಾರೆ. ಸಾಲು ಮರೆತರೆ ಹಿಂದಿನ ತಂಡ ತುಂಬಿಕೊಡುತ್ತದೆ, ಆರ್ಗನ್ ನುಡಿಸುವವರು ಮೆಲ್ಲಗೆ ಶ್ರುತಿ ಹಿಡಿದು ಕೊಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯ ಗುಟ್ಟು ಇದು. ಪ್ರತಿಭೆ ಎಲ್ಲ ಊರಲ್ಲೂ ಇರುತ್ತದೆ. ಮಗು ಎಡವುವಾಗ ಅದರ ಪರ ನಿಲ್ಲುವ ಮುನ್ನೂರು ಜನ ಕೇಳುಗರು ಎಲ್ಲ ಊರಲ್ಲೂ ಸಿಗುವುದಿಲ್ಲ.

ಹಾಗಂತ ಅಭ್ಯಾಸದ ದಿನ ಯಾರೂ ಮುದ್ದು ಮಾಡುವುದಿಲ್ಲ. ಬೈಗುಳ ಅಲ್ಲಿ, ಬೆಂಬಲ ಇಲ್ಲಿ.

ವಾದ್ಯ ನುಡಿಸುವವರು ಹೇಗೆ ತಯಾರಾಗುತ್ತಾರೆ?

ಅಗತ್ಯ ಬಿದ್ದು. ಭಾನುವಾರ ಬಂತು, ಪಿಯಾನೊ ನುಡಿಸಲು ಯಾರೂ ಇಲ್ಲ, ಯಾರಾದರೂ ಕೂರಲೇಬೇಕು. ಆಂಡ್ರೆ ಕ್ರೌಚ್ ತಾವೇ ಹೇಳಿಕೊಂಡ ಕಥೆ ಕೇಳಿ. ಅವರಿಗೆ ಆಗ ಸುಮಾರು 11 ವರ್ಷ. ತಂದೆ ಬೋಧನೆಗೆ ಹೋಗುತ್ತಿದ್ದ ಸಣ್ಣ ಚರ್ಚ್‌ನಲ್ಲಿ ಪಿಯಾನೊ ನುಡಿಸುವವರೇ ಇರಲಿಲ್ಲ. ಅಪ್ಪ ಎಲ್ಲರೆದುರು ಹುಡುಗನನ್ನು ಕರೆದು, ನುಡಿಸು ಎಂದು ಕೂರಿಸಿಯೇಬಿಟ್ಟರು. ಆ ಹುಡುಗ ಮುಂದೆ ಆಧುನಿಕ ಗಾಸ್ಪೆಲ್‌ನ ದೊಡ್ಡ ಹೆಸರಾದ.

ಪೆಂಟೆಕೋಸ್ಟಲ್ ಪಂಗಡಗಳು ಈ ವಿಷಯದಲ್ಲಿ ಮುಂದು. ಹಳೆಯ ಬ್ಯಾಪ್ಟಿಸ್ಟ್ ಚರ್ಚ್‌ಗಳು ಡ್ರಮ್ ಎಂದರೆ ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನವರು ಡ್ರಮ್, ಗಿಟಾರ್, ಟ್ಯಾಂಬೊರಿನ್ (ಅಂಚಿಗೆ ಬಿಲ್ಲೆ ಕಟ್ಟಿದ ಕೈವಾದ್ಯ) ಎಲ್ಲವನ್ನೂ ಒಳಗೆ ಬಿಟ್ಟುಕೊಂಡರು. ಗಿಟಾರ್ ನುಡಿಸಿ ಹಾಡುತ್ತಿದ್ದ ಗಾಸ್ಪೆಲ್ ತಾರೆ ಸಿಸ್ಟರ್ ರೊಸೆಟ್ಟಾ ಥಾರ್ಪ್ ಬೆಳೆದದ್ದು ಅಲ್ಲೇ. ತಾಯಿ ಬೋಧಕಿ, ಮಗಳು ಎಳೆಯ ವಯಸ್ಸಿನಲ್ಲೇ ಗಿಟಾರ್ ಹಿಡಿದು ಪಕ್ಕದಲ್ಲಿ.

ಇನ್ನು ಹ್ಯಾಮಂಡ್ ಆರ್ಗನ್, ವಿದ್ಯುತ್ತಿನಿಂದ ನಡೆಯುವ ಆರ್ಗನ್. 1935ರಲ್ಲಿ ಮಾರುಕಟ್ಟೆಗೆ ಬಂತು. ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚ್‌ಗಳು ಇದನ್ನು ತಂದವು. ಬಿ-3 ಎಂಬ ಮಾದರಿಯಂತೂ ಗಾಸ್ಪೆಲ್‌ನ ದನಿಯೇ ಆಗಿಹೋಯಿತು. ಮೇಲೆ ಕೆಳಗೆ ಎರಡು ಸಾಲು ಕೀಲಿಗಳು, ಎಳೆದು ತಳ್ಳುವ ಪಟ್ಟಿಗಳು, ಕಾಲಿನಲ್ಲಿ ಒತ್ತುವ ಬೇಸ್, ಪಕ್ಕದಲ್ಲಿ ಗಿರಗಿರ ತಿರುಗುವ ಲೆಸ್ಲಿ ಸ್ಪೀಕರ್. ಕಲಿಯುವ ಹುಡುಗ ಆರ್ಗನ್ ನುಡಿಸುವವರ ಪಕ್ಕದಲ್ಲೇ ಬೆಂಚಿನ ತುದಿಗೆ ಕೂರುತ್ತಾನೆ. ಕೈಗಿಂತ ಕಾಲು ನೋಡುವುದು ಜಾಸ್ತಿ. ಪಾದ್ರಿಯ ಮಾತು ಏರಿದಂತೆಲ್ಲ ಸಂಗೀತ ಏರಬೇಕು, ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಉತ್ತರ ಕೊಡಬೇಕು. ಅದನ್ನು ಪಕ್ಕದಲ್ಲಿ ಕೂತೇ ಕಲಿಯಬೇಕು. ಬಿಲ್ಲಿ ಪ್ರೆಸ್ಟನ್ 10ನೇ ವಯಸ್ಸಿಗೇ ಗಾಸ್ಪೆಲ್‌ನ ದೊಡ್ಡ ಗಾಯಕಿ ಮಹೇಲಿಯಾ ಜಾಕ್ಸನ್ ಅವರಂಥವರ ಹಿಂದೆ ಕೂತು ನುಡಿಸಿದ ಹುಡುಗ. ಮುಂದೆ ಬೀಟಲ್ಸ್ ಜೊತೆ ಕೂತಾಗ ಅವರ ಕೈ ನಡುಗದಿದ್ದದ್ದು ಆಶ್ಚರ್ಯವೇನಲ್ಲ.

ಮನೆಯಲ್ಲಿ ಪಿಯಾನೊ ಇಲ್ಲದ ಬಡ ಮಕ್ಕಳು ಏನು ಮಾಡುತ್ತಿದ್ದರು?

ಮುಂದೆ ದೊಡ್ಡ ಗಾಸ್ಪೆಲ್ ಗಾಯಕರಾದ ಜೇಮ್ಸ್ ಕ್ಲೀವ್‌ಲ್ಯಾಂಡ್ ಕಿಟಕಿಯ ಕಟ್ಟೆಯ ಮೇಲೆ ನುಡಿಸಿದರು. ನಿಜ. 1931ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಅವರು ಅಜ್ಜಿಯ ಸೆರಗು ಹಿಡಿದು ಪಿಲ್‌ಗ್ರಿಮ್ ಚರ್ಚ್‌ನ ಅಭ್ಯಾಸಕ್ಕೆ ಹೋಗುತ್ತಿದ್ದ ಹುಡುಗ. ಅಲ್ಲಿ ಡಾರ್ಸಿ ಇದ್ದರು. ಎಂಟು ವರ್ಷಕ್ಕೆಲ್ಲ ಮುಂದೆ ನಿಂತು ಒಬ್ಬನೇ ಹಾಡಿದ. ಮನೆಯಲ್ಲಿ ಪಿಯಾನೊಗೆ ದುಡ್ಡಿಲ್ಲ. ಕಿಟಕಿಯ ಕಟ್ಟೆಯನ್ನೇ ಕೀಲಿಗಳು ಎಂದುಕೊಂಡು ಬೆರಳು ಆಡಿಸುತ್ತಿದ್ದ. ಹದಿಹರೆಯದಲ್ಲಿ ಮೇಲಿನ ಸ್ಥಾಯಿಯಲ್ಲಿ ಅತಿಯಾಗಿ ಹಾಡಿ ಗಂಟಲು ಒಡೆಯಿತು. ಆ ಒರಟು ದನಿಯೇ ಆಮೇಲೆ ಅವರ ಗುರುತಾಯಿತು.

ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ, ಮುಂದೆ ಗಾಸ್ಪೆಲ್ ತಾರೆಯಾದ ಕರ್ಕ್ ಫ್ರಾಂಕ್ಲಿನ್ ಅವರನ್ನು ಸಾಕಿದ್ದು ವಯಸ್ಸಾದ ಸಂಬಂಧಿ ಗರ್ಟ್ರೂಡ್. ಖಾಲಿ ಅಲ್ಯೂಮಿನಿಯಂ ಡಬ್ಬಗಳನ್ನು ಆಯ್ದು ಮಾರಿ ಹುಡುಗನ ಪಿಯಾನೊ ಪಾಠಕ್ಕೆ ಫೀಸು ಕಟ್ಟಿದರು. ನಾಲ್ಕನೇ ವಯಸ್ಸಿಗೆ ಪಾಠ ಶುರು. ಹನ್ನೊಂದರ ಹೊತ್ತಿಗೆ ಮೌಂಟ್ ರೋಸ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ದೊಡ್ಡವರ ಕಾಯರ್ ನಡೆಸುತ್ತಿದ್ದ. ಅಪ್ಪನ ವಯಸ್ಸಿನವರಿಗೆ 'ನೀವು ತಪ್ಪು ಹಾಡ್ತಿದ್ದೀರಿ' ಎಂದು ಹೇಳುವ ಕೆಲಸ ಅದು. ಅವರು ಕೇಳಿದರು ಎನ್ನುವುದು ಹುಡುಗನಿಗಿಂತ ಆ ಚರ್ಚ್‌ನ ದೊಡ್ಡತನ.

ಅರೀಥಾ ಫ್ರಾಂಕ್ಲಿನ್‌ಗೆ ಚರ್ಚ್‌ನಲ್ಲಿ ನಿಜಕ್ಕೂ ಯಾರು ಹೇಳಿಕೊಟ್ಟರು?

ಡೆಟ್ರಾಯಿಟ್‌ನ ನ್ಯೂ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚ್‌ಗೆ ಅವರ ತಂದೆ ಸಿ.ಎಲ್. ಫ್ರಾಂಕ್ಲಿನ್ 1946ರಲ್ಲಿ ಪಾದ್ರಿಯಾಗಿ ಬಂದರು. ಅವರ ಬೋಧನೆಯ ರೆಕಾರ್ಡ್‌ಗಳು ದೇಶದ ತುಂಬ ಮಾರಾಟವಾಗುತ್ತಿದ್ದವು. ಮನೆಗೆ ಬಂದು ಹೋಗುವವರೆಲ್ಲ ದೊಡ್ಡ ಹಾಡುಗಾರರು: ಮಹೇಲಿಯಾ ಜಾಕ್ಸನ್, ಕ್ಲಾರಾ ವಾರ್ಡ್. ಅಪ್ಪ ಪಿಯಾನೊ ಮೇಷ್ಟರನ್ನು ಗೊತ್ತು ಮಾಡಿದರೆ ಹುಡುಗಿ ಬಚ್ಚಿಟ್ಟುಕೊಳ್ಳುತ್ತಿದ್ದಳು. ಕೇಳಿ ಕೇಳಿಯೇ ನುಡಿಸಲು ಕಲಿತಳು.

1952ರಲ್ಲಿ ತಾಯಿ ತೀರಿಕೊಂಡರು. ಅರೀಥಾಗೆ ಆಗ ಇನ್ನೂ ಹತ್ತು ತುಂಬಿರಲಿಲ್ಲ. ಚರ್ಚ್‌ನಲ್ಲಿ ಒಬ್ಬಳೇ ನಿಂತು ಹಾಡಲು ಶುರು ಮಾಡಿದ್ದು ಅದಾದ ಮೇಲೆ. ಅದೇ ದಶಕದಲ್ಲಿ ಷಿಕಾಗೊದ ನಮ್ಮ ಕಿಟಕಿಕಟ್ಟೆಯ ಹುಡುಗ, ಈಗ ಬೆಳೆದ ಜೇಮ್ಸ್ ಕ್ಲೀವ್‌ಲ್ಯಾಂಡ್, ನ್ಯೂ ಬೆತೆಲ್‌ಗೆ ಸಂಗೀತ ನೋಡಿಕೊಳ್ಳಲು ಬಂದರು. ಫ್ರಾಂಕ್ಲಿನ್ ಮನೆಯಲ್ಲೇ ಉಳಿದುಕೊಂಡಿದ್ದರು. ಅರೀಥಾಗೆ ಪಿಯಾನೊದಲ್ಲಿ ಬೇಕಾದ್ದನ್ನು ತೋರಿಸಿಕೊಟ್ಟವರು ಅವರೇ. 1956ರಲ್ಲಿ, 14ನೇ ವಯಸ್ಸಿನಲ್ಲಿ, ಆಕೆಯ ಮೊದಲ ರೆಕಾರ್ಡಿಂಗ್ ಅದೇ ಚರ್ಚ್‌ನಲ್ಲಿ ಆಯಿತು. ಅದರಲ್ಲಿ ಜನ ಕೂಗುವುದೂ ಕೇಳುತ್ತದೆ.

1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಅರೀಥಾ ಎರಡು ರಾತ್ರಿ ಗಾಸ್ಪೆಲ್ ಹಾಡಿ ಧ್ವನಿಮುದ್ರಿಸಿದರು. ಆ ಹೊತ್ತಿಗೆ ಆಕೆ ಜಗತ್ಪ್ರಸಿದ್ಧೆ. ಕಾಯರ್ ತಂದವರು, ಪಿಯಾನೊ ಮುಂದೆ ಕೂತವರು ಕ್ಲೀವ್‌ಲ್ಯಾಂಡ್. ಡಾರ್ಸಿ ಕೈಯಿಂದ ಕ್ಲೀವ್‌ಲ್ಯಾಂಡ್‌ಗೆ, ಅವರಿಂದ ಅರೀಥಾಗೆ. ಮೂರು ತಲೆಮಾರು, ಎರಡು ಚರ್ಚ್.

ಪಾದ್ರಿಯ ಮಕ್ಕಳಿಗೆ ಅವಕಾಶ ಜಾಸ್ತಿ ಅಲ್ವಾ?

ಜಾಸ್ತಿಯೇ, ಸುಳ್ಳು ಹೇಳುವುದು ಯಾಕೆ. ಅರೀಥಾ, ಸ್ಯಾಮ್ ಕುಕ್, ಕ್ರೌಚ್ ಮೂವರೂ ಪಾದ್ರಿಯ ಮಕ್ಕಳು. ನ್ಯೂವಾರ್ಕ್‌ನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಮಕ್ಕಳ ಕಾಯರ್ ನಡೆಸುತ್ತಿದ್ದವರು ಸಿಸ್ಸಿ ಹ್ಯೂಸ್ಟನ್, ಅಲ್ಲೇ 11ರ ಆಸುಪಾಸಿನಲ್ಲಿ ಒಬ್ಬಳೇ ಹಾಡಿದ್ದು ಅವರ ಮಗಳು ವಿಟ್ನಿ. ಆದರೆ ಸೋಲೊ ಹಾಡುವ ಒಬ್ಬರ ಹಿಂದೆ ಐವತ್ತು ಜನ ಇರುತ್ತಾರಲ್ಲ, ಅವರ ಕಥೆ ಬೇರೆ.

1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವಿನ್ ಹಾಕಿನ್ಸ್ ಮತ್ತು ಬೆಟ್ಟಿ ವಾಟ್ಸನ್ ಆಸುಪಾಸಿನ ಊರುಗಳ ಹುಡುಗ ಹುಡುಗಿಯರನ್ನು ಸೇರಿಸಿ ಒಂದು ಯೂತ್ ಕಾಯರ್ ಮಾಡಿದರು. ದುಡ್ಡು ಕೂಡಿಸಲು ಒಂದು ರೆಕಾರ್ಡ್ ಮಾಡಿ ಮಾರೋಣ ಎಂದುಕೊಂಡರು. 1968ರಲ್ಲಿ ಬರ್ಕ್ಲಿಯ ಚರ್ಚ್‌ನಲ್ಲೇ, ಸಾಧಾರಣ ಯಂತ್ರದಲ್ಲಿ ಧ್ವನಿಮುದ್ರಣ. ಹಾಕಿಸಿದ್ದು 500 ಪ್ರತಿ. ಕೊಳ್ಳುವವರು ನೆಂಟರು, ಚರ್ಚ್‌ನವರು ಎಂಬ ಅಂದಾಜು. ಒಂದು ಪ್ರತಿ ಸ್ಯಾನ್‌ಫ್ರಾನ್ಸಿಸ್ಕೊ ರೇಡಿಯೊಗೆ ಹೇಗೋ ತಲುಪಿತು. ಅದರಲ್ಲಿದ್ದ 'ಓ ಹ್ಯಾಪಿ ಡೇ' 1969ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಹಾಡಿನ ಮೂಲ 18ನೇ ಶತಮಾನದ ಇಂಗ್ಲಿಷ್ ಕೀರ್ತನೆ. ಹಾಡಿದವರು ಓದು, ಕೆಲಸ ಎಂದು ಓಡಾಡಿಕೊಂಡಿದ್ದ ಮಾಮೂಲಿ ಹುಡುಗರು.

ಹೆಣ್ಣುಮಕ್ಕಳಿಗೆ ಜಾಗ ಇತ್ತಾ?

ಬೋಧನಾ ಪೀಠಕ್ಕೆ ಬಹಳ ಚರ್ಚ್‌ಗಳು ಹೆಂಗಸರನ್ನು ಹತ್ತಿಸುತ್ತಿರಲಿಲ್ಲ, ಕೆಲವು ಇವತ್ತಿಗೂ ಹತ್ತಿಸುವುದಿಲ್ಲ. ಸಂಗೀತದಲ್ಲಿ ಮಾತ್ರ ಯಜಮಾನಿಕೆ ಅವರದೇ. ಡಾರ್ಸಿ ಜೊತೆ ಸೇರಿ ಸಮಾವೇಶ ಕಟ್ಟಿ, ಲೆಕ್ಕಪತ್ರ ಸರಿಪಡಿಸಿದವರು ಸ್ಯಾಲಿ ಮಾರ್ಟಿನ್. ಮಕ್ಕಳ ಕಾಯರ್‌ನ ಹುಡುಗರನ್ನು ಆರಿಸಿ ತಮ್ಮದೇ ತಂಡ ಕಟ್ಟಿದವರು ರಾಬರ್ಟಾ ಮಾರ್ಟಿನ್.

ಚರ್ಚ್ ಬಿಟ್ಟು ಬೇರೆ ಹಾಡು ಹಾಡಿದರೆ ಸಿಟ್ಟಾಗುತ್ತಿದ್ದರಾ?

ಬಹಳ. ಸ್ಯಾಮ್ ಕುಕ್ ಸೋಲ್ ಸ್ಟಿರರ್ಸ್ ಎಂಬ ಗಾಸ್ಪೆಲ್ ತಂಡದ ತಾರೆ. ಮೊದಲ ಪ್ರೇಮಗೀತೆಯನ್ನು ಡೇಲ್ ಕುಕ್ ಎಂಬ ಹೆಸರಿನಲ್ಲಿ ಹೊರತಂದರು, ಚರ್ಚ್‌ನವರಿಗೆ ಗೊತ್ತಾಗದಿರಲಿ ಎಂದು. ಆ ದನಿ ಯಾರಿಗೆ ಗೊತ್ತಾಗುವುದಿಲ್ಲ ಹೇಳಿ! ರೊಸೆಟ್ಟಾ ಥಾರ್ಪ್ 1938ರಲ್ಲಿ ನ್ಯೂಯಾರ್ಕ್‌ನ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್‌ನಲ್ಲಿ ಹಾಡಿದಾಗಲೂ ದೊಡ್ಡ ರಂಪವಾಯಿತು. ಮಹೇಲಿಯಾ ಜಾಕ್ಸನ್ ಮಾತ್ರ ಕೊನೆಯವರೆಗೂ ಬ್ಲೂಸ್ ಹಾಡಲು ಒಪ್ಪಲಿಲ್ಲ. ಈಗ ಈ ಗೆರೆ ತುಂಬಾ ತೆಳುವಾಗಿದೆ.

ದುಡ್ಡು ಕೊಡುತ್ತಾರಾ?

ಕಾಯರ್‌ನಲ್ಲಿ ಹಾಡುವ ಮಕ್ಕಳಿಗೆ ಸಾಮಾನ್ಯವಾಗಿ ಇಲ್ಲ. ಆರ್ಗನ್, ಡ್ರಮ್ ಚೆನ್ನಾಗಿ ನುಡಿಸುವವರಿಗೆ ದೊಡ್ಡ ಚರ್ಚ್‌ಗಳು ಸಂಬಳ ಕೊಡುತ್ತವೆ. ಒಳ್ಳೆಯ ಆರ್ಗನ್ ಹುಡುಗನನ್ನು ಪಕ್ಕದ ಚರ್ಚ್ ಹಾರಿಸಿಕೊಂಡು ಹೋಗುವುದೂ ಉಂಟು. ಕಾಲೇಜಿಗೆ ಹೊರಟ ಮಕ್ಕಳಿಗೆ ಸಭೆಯಲ್ಲಿ ತಟ್ಟೆ ಹಿಡಿದು ಹಣ ಕೂಡಿಸಿಕೊಡುವ ರೂಢಿ ಹಲವು ಕಡೆ ಇದೆ.

ಈಗಲೂ ಹೀಗೇ ನಡೆಯುತ್ತಿದೆಯಾ?

ಅರ್ಧ ಹೌದು. ಎಷ್ಟೋ ಚರ್ಚ್‌ಗಳಲ್ಲಿ ಐವತ್ತು ಜನರ ಕಾಯರ್ ಹೋಗಿ ಮೈಕ್ ಹಿಡಿದ ಐದಾರು ಜನರ ಪ್ರೇಸ್ ಟೀಮ್ ಬಂದಿದೆ. ಕೇಳಲು ಚೆನ್ನಾಗಿರುತ್ತದೆ, ಆದರೆ ಅರ್ಧಂಬರ್ಧ ಹಾಡುವ ಹನ್ನೆರಡು ವರ್ಷದ ಹುಡುಗನಿಗೆ ಅಲ್ಲಿ ಜಾಗವಿಲ್ಲ. ನನಗೆ ಇದು ನಷ್ಟವೆಂದೇ ಅನಿಸುತ್ತದೆ. ಇನ್ನೊಂದು ಕಡೆ ಕ್ಲೀವ್‌ಲ್ಯಾಂಡ್ 1967ರಲ್ಲಿ ಶುರು ಮಾಡಿದ ಗಾಸ್ಪೆಲ್ ಮ್ಯೂಸಿಕ್ ವರ್ಕ್‌ಶಾಪ್ ಆಫ್ ಅಮೆರಿಕ ಬೇರೆ ಬೇರೆ ಚರ್ಚ್‌ನವರನ್ನು ಒಂದೆಡೆ ಸೇರಿಸಿ ಕಲಿಸುವ ದಾರಿ ಹಾಕಿಕೊಟ್ಟಿದೆ. ಡ್ರಮ್ ನುಡಿಸುವ ಹುಡುಗರು ಯೂಟ್ಯೂಬ್‌ನಲ್ಲಿ ಒಬ್ಬರ ಕೈಚಳಕ ಒಬ್ಬರು ನೋಡಿ ಕಲಿಯುತ್ತಾರೆ. ಡಾರ್ಸಿ ಇದ್ದ ಪಿಲ್‌ಗ್ರಿಮ್ ಚರ್ಚ್‌ನ ಕಟ್ಟಡ 2006ರ ಜನವರಿಯಲ್ಲಿ ಬೆಂಕಿಗೆ ತುತ್ತಾಯಿತು, ಗೋಡೆಗಳಷ್ಟೇ ಉಳಿದವು.

ಈ ಹಾಡುಗಾರರು ನಮ್ಮ ಕಡೆ ಬಂದಿದ್ದರಾ?

ಮಹೇಲಿಯಾ ಜಾಕ್ಸನ್ 1971ರಲ್ಲಿ ಭಾರತಕ್ಕೆ ಬಂದಿದ್ದರು. ಕಲ್ಕತ್ತಾ, ದೆಹಲಿ, ಮುಂಬಯಿ, ಮದ್ರಾಸಿನಲ್ಲಿ ಹಾಡಿದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

ನಾವು ಅಮೆರಿಕದಲ್ಲೇ ಇದ್ದೇವೆ. ಹೋಗಿ ಕೇಳಬಹುದಾ?

ಧಾರಾಳವಾಗಿ. ಕ್ರೈಸ್ತರೇ ಆಗಿರಬೇಕೆಂದಿಲ್ಲ. ಆದರೆ ಅದು ಪ್ರಾರ್ಥನೆ, ಕಛೇರಿ ಅಲ್ಲ. ನ್ಯೂಯಾರ್ಕ್‌ನ ಹಾರ್ಲೆಮ್‌ನ ಚರ್ಚ್‌ಗಳಿಗೆ ಪ್ರವಾಸಿಗರು ಬಸ್ಸುಗಟ್ಟಲೆ ಬಂದು, ಹಾಡು ಮುಗಿದ ತಕ್ಷಣ ಬೋಧನೆಯ ಮಧ್ಯೆ ಎದ್ದು ಹೋಗುವುದು ಅಲ್ಲಿನವರಿಗೆ ಹಳೆಯ ತಲೆನೋವು. ಕೂತರೆ ಕೊನೆಯವರೆಗೂ ಕೂರಿ. ಎರಡು ಗಂಟೆ ಹಿಡಿಯಬಹುದು, ತಿಂಡಿ ತಿಂದು ಹೋಗಿ. ಬಟ್ಟೆ ಸ್ವಲ್ಪ ನೀಟಾಗಿರಲಿ. ಮಕ್ಕಳು ಹಾಡುವುದನ್ನು ಅನುಮತಿ ಕೇಳದೆ ಮೊಬೈಲಿನಲ್ಲಿ ಚಿತ್ರಿಸಬೇಡಿ. ಕಾಣಿಕೆ ತಟ್ಟೆ ಬಂದಾಗ ಏನಾದರೂ ಹಾಕಿ. ಯೂತ್ ಸಂಡೇ ಯಾವ ವಾರ ಎಂದು ಚರ್ಚ್ ಆಫೀಸಿಗೆ ಮೊದಲೇ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಚಪ್ಪಾಳೆ ತಟ್ಟುವುದಾದರೆ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ತಟ್ಟಿ. ನಮ್ಮವರು ಒಂದಕ್ಕೆ ತಟ್ಟುತ್ತಾರೆ, ಪಕ್ಕದಲ್ಲಿ ಕೂತ ಮಕ್ಕಳು ನಗುತ್ತವೆ.